ಇಮ್ಯೂಟಬಲ್ ಎಂದು ಬರೆದರೂ ಫಂಕ್ಷನ್ ಮತ್ತೆ ಮತ್ತೆ ಓಡುವುದೇಕೆ?

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನನ್ನ ಫಂಕ್ಷನ್‌ಗೆ ಇಮ್ಯೂಟಬಲ್ ಎಂದು ಬರೆದಿದ್ದೇನೆ. ಆದರೂ ಕ್ವೆರಿ ಮೊದಲಿನಷ್ಟೇ ನಿಧಾನ. ಒಮ್ಮೆ ಲೆಕ್ಕ ಹಾಕಿದ ಉತ್ತರವನ್ನು ಅದು ನೆನಪಿಟ್ಟುಕೊಳ್ಳಬೇಕಲ್ಲವೇ?

ಇಲ್ಲ, ನೆನಪಿಟ್ಟುಕೊಳ್ಳುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬುಡಸಮೇತ ಕಿತ್ತೇ ಬಿಡುತ್ತೇನೆ.

ಫಂಕ್ಷನ್‌ಗೆ ಅಂಟಿಸಬಹುದಾದ ಹಣೆಪಟ್ಟಿಗಳು ಮೂರು. ಇಮ್ಯೂಟಬಲ್ ಎಂದರೆ ಅದೇ ಇನ್‌ಪುಟ್‌ಗೆ ಎಂದೆಂದಿಗೂ ಅದೇ ಉತ್ತರ. ಸ್ಟೇಬಲ್ ಎಂದರೆ ಒಂದು ಕ್ವೆರಿ ಮುಗಿಯುವವರೆಗೆ ಅದೇ ಉತ್ತರ. ವೊಲಟೈಲ್ ಎಂದರೆ ಯಾವ ಭರವಸೆಯೂ ಇಲ್ಲ. ನೀವು ಏನೂ ಬರೆಯದಿದ್ದರೆ ಸಿಗುವುದು ಇದೇ. ಮೂರೂ ನೀವು ಪ್ಲಾನರ್‌ಗೆ, ಅಂದರೆ ಕ್ವೆರಿಯನ್ನು ಹೇಗೆ ಓಡಿಸಬೇಕೆಂದು ಯೋಜಿಸುವ ಭಾಗಕ್ಕೆ, ಕೊಡುವ ಮಾತುಗಳೇ ಹೊರತು ಆಜ್ಞೆಗಳಲ್ಲ.

ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷಿಸಿ. ಪೋಸ್ಟ್‌ಗ್ರೆಸ್‌ನದೇ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ಒಂದು ಫಂಕ್ಷನ್ ಬರೆದು, ಅದು ಓಡಿದಾಗಲೆಲ್ಲ ‘ಕರೆ ಬಂತು’ ಎಂದು ತೋರಿಸುವ ನೋಟಿಸ್ ಹಾಕಿ, ಇಮ್ಯೂಟಬಲ್ ಹಣೆಪಟ್ಟಿ ಅಂಟಿಸಿ. 5 ಸಾಲುಗಳ ಟೇಬಲ್ ಇರಲಿ, ಒಂದು ಕಾಲಂನ ಐದೂ ಸಾಲುಗಳಲ್ಲಿ 10 ಎಂದೇ ಇರಲಿ. ಆ ಕಾಲಂ ಅನ್ನು ಫಂಕ್ಷನ್‌ಗೆ ಕೊಟ್ಟು ಸೆಲೆಕ್ಟ್ ಮಾಡಿದರೆ ನೋಟಿಸ್ ಐದು ಸಲ ಬರುತ್ತದೆ. ಎಲ್ಲ ಸಾಲಿನಲ್ಲೂ ಅದೇ 10, ಆದರೂ ಐದು ಸಲ! ಈಗ ಕಾಲಂ ತೆಗೆದು ನೇರವಾಗಿ 10 ಎಂದು ಬರೆಯಿರಿ. ನೋಟಿಸ್ ಒಂದೇ ಸಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಕ್ವೆರಿಯ ಮುಂದೆ, ಓಡಿಸದೆ ಯೋಜನೆಯನ್ನಷ್ಟೇ ತೋರಿಸುವ ಎಕ್ಸ್‌ಪ್ಲೇನ್ ಸೇರಿಸಿ. ಕ್ವೆರಿ ಓಡಿಯೇ ಇಲ್ಲ, ಆದರೂ ನೋಟಿಸ್ ಬಂದಿರುತ್ತದೆ. ಗುಟ್ಟು ಇರುವುದು ಇಲ್ಲೇ. ಇನ್‌ಪುಟ್ ಸ್ಥಿರವಾಗಿದ್ದರೆ ಪ್ಲಾನರ್ ಯೋಜನೆ ಹಾಕುವಾಗಲೇ ಫಂಕ್ಷನ್ ಅನ್ನು ಕರೆದು, ಬಂದ ಉತ್ತರವನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಉತ್ತರಗಳನ್ನು ಕೂಡಿಡುವ ಪೆಟ್ಟಿಗೆ ಎಲ್ಲಿಯೂ ಇಲ್ಲ. ಹಣೆಪಟ್ಟಿಯನ್ನು ಸ್ಟೇಬಲ್ ಎಂದು ಬದಲಿಸಿದರೆ, ಇನ್‌ಪುಟ್ 10 ಎಂದೇ ಇದ್ದರೂ ನೋಟಿಸ್ ಮತ್ತೆ ಐದಾಗುತ್ತದೆ.

ತಪ್ಪು ಪೂರ್ತಿ ನಿಮ್ಮದೇ ಎನ್ನಲಾರೆ. 2002ರಲ್ಲಿ 7.3 ಆವೃತ್ತಿ ಬರುವವರೆಗೆ ಇಮ್ಯೂಟಬಲ್ ಹಣೆಪಟ್ಟಿಯ ಹೆಸರೇ ‘ಈಸ್‌ಕ್ಯಾಶಬಲ್’ ಎಂದಿತ್ತು. ಅಂಥ ಹೆಸರು ಕೇಳಿದ ಯಾರಿಗಾದರೂ ಕ್ಯಾಶ್, ಅಂದರೆ ಉತ್ತರ ಕೂಡಿಡುವ ಪೆಟ್ಟಿಗೆ, ಇದೆ ಎಂದೇ ಅನಿಸುತ್ತದೆ. ಒಂದೇ ಸಲ ಓಡಬೇಕೆಂದಿದ್ದರೆ, ಸ್ಥಿರ ಇನ್‌ಪುಟ್‌ನ ಕರೆಯನ್ನು ಆವರಣದೊಳಗೆ ಪ್ರತ್ಯೇಕ ಸೆಲೆಕ್ಟ್ ಆಗಿ ಬರೆಯಿರಿ, ಸಾಕು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಟೈಮ್‌ಝೋನ್ ಸಹಿತ ಸಮಯದಿಂದ ದಿನಾಂಕವನ್ನಷ್ಟೇ ತೆಗೆದು ಅದರ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಕಟ್ಟಿಡುವ ಸೂಚಿ) ಕಟ್ಟಲು ಹೋದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಇಂಡೆಕ್ಸ್‌ಗೆ ಇಮ್ಯೂಟಬಲ್ ಫಂಕ್ಷನ್ ಬೇಕು, ಆದರೆ ಆ ಪರಿವರ್ತನೆ ಸೆಷನ್‌ನ (ಡೇಟಾಬೇಸ್ ಜೊತೆಗಿನ ನಿಮ್ಮ ಸಂಪರ್ಕದ) ಟೈಮ್‌ಝೋನ್ ಅನ್ನು ಅವಲಂಬಿಸಿರುವುದರಿಂದ ಅದು ಸ್ಟೇಬಲ್ ಮಾತ್ರ. ಆಗ ಬಹಳ ಮಂದಿ ಅದನ್ನು ಸ್ವಂತ ಫಂಕ್ಷನ್‌ನಲ್ಲಿ ಸುತ್ತಿ, ಇಮ್ಯೂಟಬಲ್ ಎಂದು ಸುಳ್ಳು ಬರೆದು ಇಂಡೆಕ್ಸ್ ಕಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮಾತು ನಿಜವೇ ಎಂದು ಪೋಸ್ಟ್‌ಗ್ರೆಸ್ ಪರಿಶೀಲಿಸುವುದಿಲ್ಲ. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಸೆಷನ್‌ನಲ್ಲಿ ರಾತ್ರಿ 8ಕ್ಕೆ ಸೇರಿಸಿದ ಸಾಲು ಇಂಡೆಕ್ಸ್‌ನಲ್ಲಿ ಆ ದಿನದ ಕೆಳಗೆ ಕೂರುತ್ತದೆ. ಆರು ಗಂಟೆ ಮುಂದಿರುವ ಸೆಷನ್‌ಗೆ ಅದೇ ಕ್ಷಣ ಮರುದಿನ ಬೆಳಗಿನ ಜಾವ 2 ಗಂಟೆ. ಅಲ್ಲಿಂದ ಮರುದಿನದ ದಿನಾಂಕ ಕೊಟ್ಟು ಹುಡುಕಿದರೆ, ಇಂಡೆಕ್ಸ್ ಬಳಸಿದಾಗ ಆ ಸಾಲು ಸಿಗುವುದಿಲ್ಲ, ಟೇಬಲ್ ಪೂರ್ತಿ ಓದಿದಾಗ ಸಿಗುತ್ತದೆ. ಎರರ್ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಸಮಯವನ್ನು ಮೊದಲು ‘ಅಟ್ ಟೈಮ್ ಝೋನ್’ ಬಳಸಿ ಯುಟಿಸಿಗೆ ಕಟ್ಟಿಹಾಕಿ, ಆಮೇಲೆ ದಿನಾಂಕ ತೆಗೆಯಿರಿ. ಆಗ ಅದು ನಿಜಕ್ಕೂ ಇಮ್ಯೂಟಬಲ್ ಆಗಿರುತ್ತದೆ, ಇಂಡೆಕ್ಸ್ ಕೂಡ ತಕರಾರಿಲ್ಲದೆ ಕಟ್ಟಿಕೊಳ್ಳುತ್ತದೆ.