ಮರಳುಗಾಡಾಗಬೇಕಿದ್ದ ಜಾಗದಲ್ಲಿ ಹಸಿರು ಕಾಡು

ಭೂಪಟದಲ್ಲಿ ಜೈಸಲ್ಮೇರ್ ಮೇಲೆ ಬೆರಳಿಟ್ಟು ನೇರ ಪೂರ್ವಕ್ಕೆ ಸರಿಸುತ್ತಾ ಹೋಗಿ. ಕಡಲು ಸಿಗುವ ಮುಂಚೆ ಚೀನಾದ ಫುಜಿಯಾನ್ ಪ್ರಾಂತ್ಯ ಬರುತ್ತದೆ. ಎರಡೂ ಇರುವುದು 27 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಅಲ್ಲಿ ಥಾರ್ ಮರಳು. ಇಲ್ಲಿ ವುಯಿ ಬೆಟ್ಟಗಳು, ವರ್ಷಕ್ಕೆ ಹತ್ತಿರ ಹತ್ತಿರ 2,000 ಮಿ.ಮೀ. ಮಳೆ, ಎಲೆ ಉದುರಿ ಬೋಳಾಗದ ಕಾಡು. ಯಾಕೆ ಹೀಗೆ?

ಸಮಭಾಜಕದ ಬಳಿ ಕಾದ ಗಾಳಿ ಮೇಲೇರಿ, ಮಳೆ ಸುರಿಸಿ, 30 ಡಿಗ್ರಿಯ ಸುಮಾರಿಗೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಸಹಾರಾ, ಅರೇಬಿಯಾ ಒಣಗಿರುವುದು ಹೀಗೆ. ಈ ಲೆಕ್ಕದಲ್ಲಿ ಫುಜಿಯಾನ್ ಕೂಡ ಒಣಗಬೇಕಿತ್ತು, ಅಲ್ವಾ?

ತಪ್ಪಿಸಿದ್ದು ಟಿಬೆಟ್ ಪ್ರಸ್ಥಭೂಮಿ. ಎತ್ತರದ ನೆಲ ಅಂದರೆ ಗಾಳಿಗೆ ಅಡ್ಡ ನಿಂತ ಗೋಡೆ ಅಂತಲೇ ಶಾಲೆಯಲ್ಲಿ ಓದಿರುತ್ತೇವೆ. ಅದು ಅರ್ಧ ಮಾತು ಮಾತ್ರ. ಟಿಬೆಟ್‌ನ ಸರಾಸರಿ ಎತ್ತರ 4,000 ಮೀಟರಿಗೂ ಜಾಸ್ತಿ. ಬೇಸಿಗೆಯಲ್ಲಿ ಅಲ್ಲಿನ ನೆಲ ಕಾಯುವುದು ಒಲೆಯನ್ನು ಅಟ್ಟದ ಮೇಲೆ ಹೊತ್ತಿಸಿದ ಹಾಗೆ. ಅಷ್ಟು ಎತ್ತರದಲ್ಲಿ ತಣ್ಣಗಿರಬೇಕಾದ ಗಾಳಿ ನೇರವಾಗಿ ಬಿಸಿಯಾಗಿ ಮೇಲೇಳುತ್ತದೆ. ಅದರ ಸೆಳೆತಕ್ಕೆ ದಕ್ಷಿಣ ಚೀನಾ ಕಡಲು ಮತ್ತು ಪೆಸಿಫಿಕ್ ಕಡೆಯ ತೇವದ ಗಾಳಿ ಒಳನಾಡಿಗೆ ನುಗ್ಗುತ್ತದೆ. ನಮ್ಮ ಮುಂಗಾರಿನಲ್ಲಿ ಈ ಕಾವಿನ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂದು ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ಪೂರ್ವ ಏಷ್ಯಾದ ಮಳೆಗಂತೂ ಟಿಬೆಟ್ ಬೇಕೇ ಬೇಕು.

ವುಯಿಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಲ್ಲಿನ ಕೆಂಪು ಬಂಡೆಗಳು ಡೈನೋಸಾರ್ ಕಾಲದ ಮರಳು, ಜಲ್ಲಿ ಗಟ್ಟಿಯಾಗಿ ಆದವು. ಬಿಸಿ, ಒಣ ಹವೆಯಲ್ಲಿ ಕಬ್ಬಿಣದ ಅಂಶ ತುಕ್ಕು ಹಿಡಿದು ಬಂದ ಬಣ್ಣ ಅದು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ನೆಲಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಮೆಲ್ಲಗೆ ಟಿಬೆಟ್ ಎದ್ದಿತು, ಮಳೆ ಬಂತು. ನಾವು ನಿಂತಿರುವ ನೆಲ ಉತ್ತರಕ್ಕೆ ಬಂದು ಗುದ್ದದಿದ್ದರೆ ಆ ಕಾಡು ಇರುತ್ತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಚೀನಾದ ಕಾಡು ಅಂದರೆ ಬಿದಿರು, ಪಾಂಡಾ ಅಂತ ಸುಮ್ನೆ ಅಂದುಕೊಳ್ಳುತ್ತೇವೆ. ಫುಜಿಯಾನ್ ಕಾಡಿನಲ್ಲಿ ಪಾಂಡಾ ಇಲ್ಲವೇ ಇಲ್ಲ. ಓಕ್, ಕರ್ಪೂರ, ಸಂಪಿಗೆ, ಚಹಾ ಬಳಗದ ಮರಗಿಡಗಳಿವೆ. 1848-49ರಲ್ಲಿ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಫಾರ್ಚೂನ್ ವುಯಿಗೂ ಹೋಗಿ, ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದ ಚಹಾ ಸಸಿ, ಬೀಜಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ. ಪಾಂಡಾವನ್ನು ಯುರೋಪಿಗೆ ಪರಿಚಯಿಸಿದ ಪಾದ್ರಿ ಅರ್ಮಾಂಡ್ ಡೇವಿಡ್ ಕೂಡ 1873ರಲ್ಲಿ ವುಯಿಯ ಗ್ವಾಡುನ್ ಹಳ್ಳಿಗೆ ಬಂದ. ಆಮೇಲೆ ಪ್ರಾಣಿಶಾಸ್ತ್ರಜ್ಞರು ಅಲ್ಲಿಗೆ ಬರುತ್ತಲೇ ಇದ್ದರು.

ನನಗೆ ಅಚ್ಚುಮೆಚ್ಚು ಅಲ್ಲಿನ ಮೀಸೆ ಕಪ್ಪೆ. ಕೂಡುವ ಕಾಲ ಬಂದಾಗ ಗಂಡಿನ ಮೇಲ್ತುಟಿಯಲ್ಲಿ ಗಟ್ಟಿ ಕಪ್ಪು ಮುಳ್ಳುಗಳು ಮೂಡುತ್ತವೆ. ಕಾಲ ಮುಗಿದ ಮೇಲೆ ಉದುರುತ್ತವೆ. ಮೊಟ್ಟೆ ಇಡುವುದು ತೊರೆಯ ತಣ್ಣೀರಿನಲ್ಲಿ, ಕಲ್ಲಿನಡಿ. ವರ್ಷವಿಡೀ ಬತ್ತದ ತೊರೆಯಿಲ್ಲದೆ ಇಂಥ ಬಾಳು ಸಾಧ್ಯವಿಲ್ಲ.

ದಕ್ಷಿಣ ಚೀನಾದ ಹುಲಿ ಮಾತ್ರ ಉಳಿಯಲಿಲ್ಲ. 1950ರ ದಶಕದಲ್ಲಿ ಅದನ್ನು ಪೀಡೆ ಎಂದು ಸಾರಿ ಬೇಟೆಯಾಡಿದರು. ಈಗ ಅದು ಸಾಕುತಾಣಗಳಲ್ಲಿ ಮಾತ್ರ ಇದೆ. ಫುಜಿಯಾನ್‌ನ ಸುಮಾರು ಮೂರನೇ ಎರಡು ಭಾಗ ಕಾಡು ಎಂದು ಹೇಳುವ ಅಂಕಿಯೂ ನನ್ನನ್ನು ಪೂರ್ತಿ ಸಮಾಧಾನ ಮಾಡುವುದಿಲ್ಲ. ಅದರಲ್ಲಿ ಬಹಳಷ್ಟು ಸಾಲುಸಾಲಾಗಿ ನೆಟ್ಟ ಚೀನೀ ಫರ್ ಮತ್ತು ಪೈನ್. 2021ರಲ್ಲಿ ರಾಷ್ಟ್ರೀಯ ಉದ್ಯಾನವಾದ ವುಯಿಯ 1,280 ಚದರ ಕಿ.ಮೀ.ಯಲ್ಲಿ ಹಳೆಯ ಕಾಡು ಇನ್ನೂ ಒಳ್ಳೆಯ ಸ್ಥಿತಿಯಲ್ಲಿದೆ. ಮೀಸೆ ಕಪ್ಪೆಯ ತೊರೆಗಳೂ ಅಲ್ಲೇ ಇವೆ.