ಬತ್ತಿದ ಮಲಪ್ರಭೆ ಹೊಲಕ್ಕೆ ನುಗ್ಗುವುದೇಕೆ?

ವರ್ಷದ ಬಹುಪಾಲು ದಿನ ಮೊಣಕಾಲುದ್ದ ನೀರೂ ಇಲ್ಲದ ಮಲಪ್ರಭೆ 2009 ಮತ್ತು 2019ರಲ್ಲಿ ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ಹೊಲ ಮನೆಗಳನ್ನು ಮುಳುಗಿಸಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಎರಡೂ ಸಲ ದೋಷವನ್ನು ಅತಿವೃಷ್ಟಿಯ ಮೇಲೆ ಹೊರಿಸಲಾಯಿತು. ಮಳೆ ಅತಿಯಾಗಿತ್ತು ನಿಜ. ಆದರೆ ಆ ನೀರು ಹರಿದು ಹೋಗಬೇಕಾಗಿದ್ದ ನದಿಯ ಪಾತ್ರ ಅಷ್ಟರಲ್ಲಾಗಲೇ ಕಿರಿದಾಗಿತ್ತು. ಅದು ಕಿರಿದಾದ ಬಗೆಯನ್ನು ತಿಳಿಯದೆ ಈ ನೆರೆ ಅರ್ಥವಾಗುವುದಿಲ್ಲ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿ ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನೀರಿನ ಬಹುಪಾಲು ಸಹ್ಯಾದ್ರಿಯ ಸೆರಗಿನ ಮಳೆಯದು. ಸವದತ್ತಿಯ ಗುಡ್ಡ ದಾಟಿದ ಮೇಲೆ ಎದುರಾಗುವುದು ಮಳೆ ಕಡಿಮೆಯಿರುವ ಎರೆಭೂಮಿ. ಎಪ್ಪತ್ತರ ದಶಕದಲ್ಲಿ ನವಿಲುತೀರ್ಥದ ಕಮರಿಗೆ ಅಡ್ಡಲಾಗಿ ಎದ್ದ ಅಣೆಕಟ್ಟು ಆ ನೀರನ್ನು ಹಿಡಿದಿಟ್ಟು ಕಾಲುವೆಗಳಿಗೆ ತಿರುಗಿಸಿತು. ಸುಮಾರು 37 ಟಿಎಂಸಿ ಅಡಿ ಸಾಮರ್ಥ್ಯದ ಆ ಜಲಾಶಯ ಭರ್ತಿಯಾದ ವರ್ಷಗಳು ಬೆರಳೆಣಿಕೆಯವು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟದಿದ್ದರೂ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರ್ಕಾರ ಅಭಿವೃದ್ಧಿ ಕರ ಕೇಳಿದ್ದರಿಂದಲೇ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ನಡೆಯಿತು. ಮಹದಾಯಿ ನದಿಯ ಹಳ್ಳಗಳಾದ ಕಳಸಾ-ಬಂಡೂರಿಯ ಹೋರಾಟವೂ ಇದೇ ಜಲಾಶಯಕ್ಕೆ ನೀರು ತರುವುದಕ್ಕಾಗಿ ನಡೆದದ್ದು. ನೀರಿಗಾಗಿ ಇಷ್ಟು ನೊಂದ ನೆಲವೇ ನೀರಲ್ಲಿ ಮುಳುಗುತ್ತಿದೆ.

ಜಲಾಶಯ ತುಂಬದ ವರ್ಷಗಳಲ್ಲಿ ಅದರ ಕೆಳಗಿನ ನದಿಗೆ ನೀರು ಬರಲಿಲ್ಲ. ಹರಿವು ನಿಂತಲ್ಲಿ ಹೂಳು ಕೂತಿತು, ಹೂಳಿನಲ್ಲಿ ಜಾಲಿ ಬೆಳೆಯಿತು, ಜಾಲಿ ಕಡಿದ ಜಾಗ ಹೊಲವಾಯಿತು. ದಂಡೆಯ ರೈತರು ವರ್ಷಕ್ಕೊಂದಿಷ್ಟು ಮುಂದೆ ಸರಿದು ಕಬ್ಬು, ಗೋವಿನಜೋಳ ಹಾಕಿದರು. ಇದನ್ನು ಒತ್ತುವರಿ ಎಂದು ಕರೆಯುವುದು ಕಾನೂನಿನ ಪ್ರಕಾರ ಸರಿಯೇ. ಆದರೂ ಒಂದು ತಲೆಮಾರಿನುದ್ದಕ್ಕೂ ನದಿಯನ್ನು ಒಣಗಿಸಿಟ್ಟು, ಅದರ ಎಲ್ಲೆಯನ್ನು ಅಳೆದು ಕಲ್ಲು ನೆಡದೆ ಬಿಟ್ಟ ವ್ಯವಸ್ಥೆಯನ್ನು ಮರೆತು ರೈತನೊಬ್ಬನನ್ನೇ ದೂರುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಣೆಕಟ್ಟಿನ ಹಿಡಿತಕ್ಕೆ ಸಿಗದ ನೀರೂ ಇದೆ. ಹುಬ್ಬಳ್ಳಿ, ನವಲಗುಂದ ಭಾಗದ ಎರೆಹೊಲಗಳ ನೀರನ್ನು ಹೊತ್ತು ತರುವ ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರುವುದು ಅಣೆಕಟ್ಟಿನಿಂದ ಬಹಳ ಕೆಳಗೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸುರಿದ 2009ರ ಮಳೆ ಬಿದ್ದದ್ದು ಬಯಲುಸೀಮೆಯ ಮೇಲೆಯೇ. 2019ರ ಆಗಸ್ಟ್‌ನದು ಬೇರೆ ಕಥೆ: ಖಾನಾಪುರದ ಕಡೆಯ ಮಳೆಗೆ ಜಲಾಶಯ ಕೆಲವೇ ದಿನಗಳಲ್ಲಿ ತುಂಬಿ, ಗೇಟುಗಳನ್ನು ಎತ್ತದೆ ಗತ್ಯಂತರವಿರಲಿಲ್ಲ. ಅಪರೂಪಕ್ಕೆ ತುಂಬುವ ಜಲಾಶಯದಲ್ಲಿ ಮುಂದಿನ ಮಳೆಗೆಂದು ಜಾಗ ಖಾಲಿ ಬಿಡಲು ಯಾವ ಎಂಜಿನಿಯರಿಗೂ ಮನಸ್ಸಾಗುವುದಿಲ್ಲ. ಬಿಟ್ಟು, ಆಮೇಲೆ ಮಳೆ ಕೈಕೊಟ್ಟರೆ ಬೇಸಿಗೆಯಲ್ಲಿ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೇ ಕುತ್ತು.

ಆಗಸ್ಟ್ ನೆರೆ ಬರುವುದು ಹೆಸರುಕಾಯಿ ಬಿಡಿಸುವ ಹೊತ್ತಿಗೆ. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲವಾದ್ದರಿಂದ ಕಾಯಿಯೊಳಗೇ ಕಾಳು ಮೊಳಕೆಯೊಡೆಯುತ್ತದೆ, ಉಳ್ಳಾಗಡ್ಡಿ ನೆಲದಲ್ಲೇ ಕೊಳೆಯುತ್ತದೆ. ನದಿ ಇಳಿದ ಮೇಲೂ ಕೆಲವು ಹೊಲಗಳ ಮೇಲ್ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದಿರುತ್ತವೆ, ಇನ್ನು ಕೆಲವು ಹೊಲಗಳು ಮರಳಿನಡಿ ಹೂತಿರುತ್ತವೆ. ಅಲ್ಲಿ ಹಿಂಗಾರಿ ಜೋಳ, ಕಡಲೆಯ ಬಿತ್ತನೆಯೂ ಆಗುವುದಿಲ್ಲ.

2009ರ ನಂತರ ಸರ್ಕಾರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿತು. ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಹಲವರು ಅಲ್ಲಿಗೆ ಹೋಗಲಿಲ್ಲ. ಊರನ್ನು ಎತ್ತರಕ್ಕೆ ಒಯ್ಯಬಹುದು, ಹೊಲವನ್ನು ಒಯ್ಯಲಾಗದು. ಹೊಲಕ್ಕೆಂದು ಇದ್ದದ್ದು ಪರಿಹಾರ ಮಾತ್ರ: 2019ರಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ನೀರಾವರಿಗೆ 13,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ; ಅದರ ಮೇಲೆ ರಾಜ್ಯ ಸರ್ಕಾರ 10,000 ರೂಪಾಯಿ ಸೇರಿಸಿತು. ಮೂರು ಇಂಚಿಗಿಂತ ದಪ್ಪ ಮರಳು ಕೂತ ಹೊಲದ ಹೂಳು ತೆಗೆಯಲು ಆಗ ಹೆಕ್ಟೇರಿಗೆ 12,200 ರೂಪಾಯಿ ಇತ್ತು. ಈ ಹಣ ಜಮೆಯಾಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಬೀಜ, ಗೊಬ್ಬರ, ಆಳಿನ ಕೂಲಿಯನ್ನು ಸಾಲ ಮಾಡಿ ಹೊಂದಿಸಿ ಬಾಯಿಮಾತಿನ ಲಾವಣಿಯಲ್ಲಿ, ಅಂದರೆ ಗೇಣಿಯಲ್ಲಿ, ಉಳುವ ರೈತನ ಹೆಸರು ಅಲ್ಲಿರುವುದಿಲ್ಲ.