ಅಪ್ಪನಿಗೆ ಟ್ಯಾಬ್: ಎಷ್ಟು ಇಂಚಿನದು? ಸಿಮ್ ಇರೋದೇ ಬೇಕಾ?

ಪ್ರಶ್ನೆ: ಅಪ್ಪ ರಿಟೈರ್ ಆಗಿದ್ದಾರೆ. ಪೇಪರ್ ಮತ್ತು ಪಿಡಿಎಫ್ ಪುಸ್ತಕ ಓದಲು, ಯೂಟ್ಯೂಬ್ ನೋಡಲು, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡಲು ಒಂದು ಟ್ಯಾಬ್ ಕೊಡಿಸಬೇಕು. ಬಜೆಟ್ 20 ಸಾವಿರದ ಆಸುಪಾಸು. ಎಷ್ಟು ಇಂಚಿನದು ತಗೊಳ್ಳಲಿ? ಸಿಮ್ ಹಾಕುವಂಥದ್ದೇ ಬೇಕಾ?

ಉತ್ತರ: ಟ್ಯಾಬ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳೋದು "ಯಾವ ಕಂಪನಿದು ಒಳ್ಳೇದು" ಅಂತ. ನೀವು ಇಂಚು ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ.

ಒಂದು ಸ್ಕೇಲ್ ಹಿಡಿದು ಪುಸ್ತಕದ ಕಪಾಟಿನ ಹತ್ತಿರ ಹೋಗಿ. ಅನೇಕ ಕನ್ನಡ ಪುಸ್ತಕಗಳಲ್ಲಿ ಬೆಲೆ, ಪುಟಗಳ ಲೆಕ್ಕ ಅಚ್ಚಾಗಿರುವ ಪುಟದಲ್ಲೇ "ಡೆಮಿ 1/8" ಅಥವಾ "ಕ್ರೌನ್ 1/8" ಅಂತಲೂ ಇರುತ್ತದೆ. ಡೆಮಿ 1/8 ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ. ಟ್ಯಾಬಿನ ಪರದೆಯನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. ಪುಸ್ತಕವನ್ನೂ ಹಾಗೇ ಅಳೆದರೆ 10 ಇಂಚಿನ ಮೇಲೆ ಒಂದು ಚೂರು ಬರುತ್ತದೆ. ಅಂದರೆ 10-11 ಇಂಚಿನ ಟ್ಯಾಬನ್ನು ಉದ್ದುದ್ದ ಹಿಡಿದರೆ ಕಾದಂಬರಿಯ ಒಂದು ಪುಟ ಹೆಚ್ಚುಕಡಿಮೆ ಅದರ ಅಳತೆಯಲ್ಲೇ ಕೂರುತ್ತದೆ. ಅದಕ್ಕಿಂತ ಚಿಕ್ಕದಾದ ಕ್ರೌನ್ 1/8 ಪುಸ್ತಕಕ್ಕಾದರೆ 8.7 ಇಂಚಿನ ಚಿಕ್ಕ ಟ್ಯಾಬ್ ಸಾಕು. ಎ4 ಹಾಳೆ ಮೂಲೆಯಿಂದ ಮೂಲೆಗೆ 14 ಇಂಚಿಗೂ ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟಿನಂಥದ್ದು 11 ಇಂಚಿನಲ್ಲೂ ಮುಕ್ಕಾಲಿಗಿಂತ ಚಿಕ್ಕದಾಗಿಯೇ ಕಾಣುತ್ತದೆ.

ಇಷ್ಟೊಂದು ಅಳತೆ ಯಾಕೆ ಅಂದರೆ, ಆರ್ಕೈವ್ ಡಾಟ್ ಆರ್ಗ್‌ನಂಥ ವೆಬ್‌ಸೈಟುಗಳಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಹೆಚ್ಚಾಗಿ ಸ್ಕ್ಯಾನ್ ಮಾಡಿದವು. ಅವು ಪುಟದ ಫೋಟೋ ಅಷ್ಟೇ. ಅದರಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡಲು ಆಗಲ್ಲ. ಬೆರಳಿನಿಂದ ಹಿಗ್ಗಿಸಿದರೆ ಪುಟವೇ ಹಿಗ್ಗುತ್ತದೆ, ಆಮೇಲೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಎರಡು ಪುಟ ಆಗುವಷ್ಟರಲ್ಲಿ ಓದುವ ಆಸೆಯೇ ಹೋಗುತ್ತದೆ.

ಇಂಚು ಸರಿಯಿದ್ದರೂ ಪರದೆ ಮಸುಕಾಗಿರಬಹುದು. ನಾನು ಏಟು ತಿಂದಿದ್ದು ಇಲ್ಲೇ. ಮೊದಲ ಸಲ ನಮ್ಮಪ್ಪನಿಗೆ ಟ್ಯಾಬ್ ಕೊಡಿಸಿದಾಗ ಬೆಲೆ ಮತ್ತು ರ್‍ಯಾಮ್ ಬಿಟ್ಟು ಬೇರೇನೂ ನೋಡಿರಲಿಲ್ಲ. ಎರಡು ದಿನ ಓದಿ ಅಪ್ಪ ಹೇಳಿದ್ದು: "ಒತ್ತಕ್ಷರಕ್ಕೆಲ್ಲ ಇರುವೆ ಮುತ್ತಿದ ಹಾಗಿದೆ ಕಣೋ." ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಪರದೆ ನಮ್ಮ ಒತ್ತಕ್ಷರಕ್ಕೆ ಸಾಲುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಯಾವುದಾದರೂ ಕನ್ನಡ ಸುದ್ದಿಯ ಪುಟ ತೆಗೆದು "ರಾಷ್ಟ್ರೀಯ" ಅನ್ನುವ ಪದ ಹುಡುಕಿ. ಅಕ್ಷರ ಹಿಗ್ಗಿಸದೆ ಟ ಒತ್ತು, ರ ಒತ್ತು ಬೇರೆ ಬೇರೆಯಾಗಿ ಕಂಡರೆ ಪಾಸ್.

ಬಾಕ್ಸ್ ಮೇಲಿನ ಲೆಕ್ಕ ಬೇಕೆನ್ನುವವರಿಗೆ ಇದು: 8.7 ಇಂಚಿನ ಪರದೆಯಲ್ಲಿ 1340x800 ಅಂತಿದ್ದರೆ ಇಂಚಿಗೆ ಸುಮಾರು 179 ಚುಕ್ಕಿ (ಪಿಕ್ಸೆಲ್); ಚುಕ್ಕಿ ಹೆಚ್ಚಾದಷ್ಟೂ ಅಕ್ಷರ ಸ್ಪಷ್ಟ. 11 ಇಂಚಿನಲ್ಲಿ 1920x1200 ಇದ್ದರೆ ಸುಮಾರು 206. ಐಪ್ಯಾಡಿನ ಸಾಧಾರಣ ಮಾಡೆಲ್‌ನಲ್ಲಿ 264. ಓದುವುದಕ್ಕೆ 200ಕ್ಕಿಂತ ಕೆಳಗೆ ಇಳಿಯಬೇಡಿ ಅನ್ನೋದು ನನ್ನ ಲೆಕ್ಕ. ವಿಡಿಯೋ ನೋಡಲಿಕ್ಕೆ ಮಾತ್ರ ಅಂದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ಸಿಮ್. ಮನೆಯಲ್ಲಿ ವೈಫೈ ಇದ್ದರೆ ಬೇಡ. ಅದೇ ಮಾಡೆಲ್ ಸಿಮ್ ಜೊತೆ ಬಂದರೆ ಬೆಲೆ ಜಾಸ್ತಿ, ಮೇಲೆ ಇನ್ನೊಂದು ರೀಚಾರ್ಜ್ ಬೇರೆ. ಸಿಮ್ ಹಾಕಿದ ತಕ್ಷಣ ಮಾಮೂಲಿ ಫೋನ್ ಕಾಲ್ ಮಾಡಬಹುದು ಅಂತಲೂ ಇಲ್ಲ. ಐಪ್ಯಾಡಿನ ಸಿಮ್ ಇಂಟರ್ನೆಟ್ಟಿಗೆ ಮಾತ್ರ. ವಾಟ್ಸಾಪ್‌ಗೂ ಸಿಮ್ ಬೇಕಿಲ್ಲ. ಫೋನಿನಲ್ಲಿರುವ ನಂಬರನ್ನೇ ಟ್ಯಾಬಿಗೆ ಲಿಂಕ್ ಮಾಡಿದರೆ ಆಯಿತು, ವಿಡಿಯೋ ಕಾಲ್ ನಡೆಯುತ್ತದೆ. ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದಿದ್ದರೆ ಮಾತ್ರ ಟ್ಯಾಬಿನಲ್ಲಿ ಲಾಗೌಟ್ ಆಗುತ್ತದೆ.

ಸಿಮ್ ಇಲ್ಲದಿದ್ದರೆ ಆಗದ ಕೆಲಸ ಯುಪಿಐ. ನಂಬರ್ ನಿಮ್ಮದೇ ಅಂತ ಗೊತ್ತುಮಾಡಿಕೊಳ್ಳಲು ಆ ಆಪ್‌ಗಳು ಅದೇ ಸಾಧನದಲ್ಲಿರುವ ಸಿಮ್‌ನಿಂದ ಮೆಸೇಜ್ ಕಳಿಸುತ್ತವೆ. ನನ್ನ ಕೇಳಿದರೆ ಆಗದಿರೋದೇ ಒಳ್ಳೇದು. ಮೊಮ್ಮಕ್ಕಳು ಆಟ ಆಡುವ ಟ್ಯಾಬಿನಲ್ಲಿ ದುಡ್ಡಿನ ಆಪ್ ಯಾಕೆ?

ಊರಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಅಪ್ಪ ಅಮ್ಮ ಇಬ್ಬರೇ ಇದ್ದಾರೆ ಅಂದರೆ ಮಾತ್ರ ಸಿಮ್ ಇರೋದೇ ತಗೊಳ್ಳಿ. ಹಾಟ್‌ಸ್ಪಾಟ್ ಆನ್ ಮಾಡೋದು ನಮಗೆ ಎರಡು ಸೆಕೆಂಡ್. ಅವರಿಗೆ ಪ್ರತಿ ಸಲ ಯಾರನ್ನೋ ಕರೆಯುವ ಕೆಲಸ. ಮನೆಯೊಳಗೆ ಸಿಗ್ನಲ್ಲೇ ಇಲ್ಲ, ಅಂಗಳದ ತುದಿಗೆ ಹೋಗಬೇಕು ಅನ್ನುವ ಮಲೆನಾಡಿನ ಮನೆಗಳಿಗೆ ಸಿಮ್ ಇದ್ದರೂ ಪ್ರಯೋಜನ ಇಲ್ಲ. ಅಲ್ಲಿ ಮೊದಲು ವೈಫೈ, ಆಮೇಲೆ ಟ್ಯಾಬ್.

ರ್‍ಯಾಮ್ ವಿಷಯದಲ್ಲಿ ಒಂದು ಕಣ್ಕಟ್ಟು ಇದೆ. "8 ಜಿಬಿ" ಅಂತ ದೊಡ್ಡದಾಗಿ ಬರೆದು ಕೆಳಗೆ ಸಣ್ಣಕ್ಷರದಲ್ಲಿ "4+4" ಅಂತ ಹಾಕಿರುತ್ತಾರೆ. ಎರಡನೇ 4 ನಿಜವಾದ ರ್‍ಯಾಮ್ ಅಲ್ಲ, ಸ್ಟೋರೇಜಿನ ಒಂದು ಭಾಗ. ರ್‍ಯಾಮ್‌ಗಿಂತ ತುಂಬಾ ನಿಧಾನ. ನಿಜವಾದ 6 ಜಿಬಿ ಸಿಕ್ಕರೆ ಸಾಕು. ಸ್ಟೋರೇಜ್ 128 ಜಿಬಿ ಇರಲಿ. ನಮ್ಮಪ್ಪನ ಆ ಹಳೆ ಟ್ಯಾಬಿನಲ್ಲಿ 32 ಇತ್ತು. ವರ್ಷದೊಳಗೆ ಶುಭೋದಯದ ವಿಡಿಯೋಗಳಿಂದಲೇ ತುಂಬಿಹೋಯಿತು.

ಮೂರು ನಾಲ್ಕು ವರ್ಷದ ಹಿಂದಿನ ಮಾಡೆಲ್ ಅರ್ಧ ಬೆಲೆಗೆ ಬಂದಿದೆ ಅಂದರೆ ಬಿಟ್ಟುಬಿಡಿ. ಅಪ್‌ಡೇಟ್ ನಿಂತ ಮೇಲೆ ಒಂದೊಂದೇ ಆಪ್ "ಈ ಸಾಧನದಲ್ಲಿ ನಡೆಯುವುದಿಲ್ಲ" ಅನ್ನಲು ಶುರು ಮಾಡುತ್ತವೆ. ಅಪ್ಪ ನೆಟ್‌ಫ್ಲಿಕ್ಸ್ ಕೂಡ ನೋಡುತ್ತಾರಾದರೆ ಟ್ಯಾಬಿನಲ್ಲಿ "ವೈಡ್‌ವೈನ್ ಎಲ್1" ಇದೆಯಾ ಅಂತ ಕೇಳಿ; ಅದು ಸಿನಿಮಾ ಆಪ್‌ಗಳು ಪೂರ್ತಿ ಸ್ಪಷ್ಟವಾದ ವಿಡಿಯೋ ಕೊಡಲು ಕೇಳುವ ಒಂದು ಭದ್ರತಾ ಮಟ್ಟ. ಇಲ್ಲದಿದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಸಿನಿಮಾ ಮಬ್ಬಾಗಿಯೇ ಬರುತ್ತದೆ. ಯೂಟ್ಯೂಬಿಗೆ ಈ ತಕರಾರಿಲ್ಲ.

ನೀವು ಹೇಳಿದ ಕೆಲಸಗಳಿಗೆ ನಾನಾದರೆ 11 ಇಂಚು, 1920x1200 ಪರದೆ, 6 ಜಿಬಿ, 128 ಜಿಬಿ, ಬರೀ ವೈಫೈ ಇರುವುದನ್ನು ತಗೊಳ್ಳುತ್ತೇನೆ. ಐಪ್ಯಾಡ್ ಒಳ್ಳೆಯದೇ, ಅಪ್‌ಡೇಟ್ ತುಂಬಾ ವರ್ಷ ಬರುತ್ತದೆ. ಆದರೆ ಹೊಸದು ನಿಮ್ಮ ಬಜೆಟ್ ಮೀರುತ್ತದೆ, ಮೆಮೊರಿ ಕಾರ್ಡ್ ಹಾಕಲೂ ಜಾಗ ಇಲ್ಲ.

ಒಂದು ಸಂಗತಿ ಮಾತ್ರ ಅಪ್ಪನನ್ನೇ ಕೇಳಿಕೊಳ್ಳಿ: ಮಲಗಿಕೊಂಡು ಓದುವ ಅಭ್ಯಾಸ ಇದೆಯಾ? 11 ಇಂಚಿನ ಟ್ಯಾಬ್ ಹತ್ತಿರಹತ್ತಿರ ಅರ್ಧ ಕೆಜಿ ತೂಗುತ್ತದೆ. ಕವರ್ ಸೇರಿದರೆ ಇನ್ನೂ ಜಾಸ್ತಿ. ನಿದ್ದೆ ಹತ್ತಿ ಕೈ ಸಡಿಲವಾದರೆ ಮೂಗಿನ ಮೇಲೇ ಬೀಳೋದು. ಅಂಥವರಿಗೆ 330 ಗ್ರಾಂ ಆಸುಪಾಸಿನ 8.7 ಇಂಚಿನದೇ ವಾಸಿ. ಅದರಲ್ಲಿ ಸಿಗುವಷ್ಟರಲ್ಲಿ ಚೆನ್ನಾಗಿರುವ ಪರದೆ ಹುಡುಕಿ. ಕೂತು ಓದುವವರಾದರೆ ನಿಲ್ಲಿಸಲು ಬರುವ ಕವರಿಗೆ ಒಂದು ಸಾವಿರ ತೆಗೆದಿಡಿ. ನಮ್ಮಪ್ಪನಿಗೂ ಕೊಡಿಸಿದ್ದೇನೆ. ಆದರೂ ಅವರು ನಿಲ್ಲಿಸೋದು ಡೈನಿಂಗ್ ಟೇಬಲ್ ಮೇಲಿನ ಅವಲಕ್ಕಿ ಡಬ್ಬಕ್ಕೆ ಒರಗಿಸಿ.